ದಾರ ಹಿಡಿದ ಹಾಗೆ ಓಡುವ ಕಾರು

ನಮ್ಮ ಮನೆಯವರಿಗೆ ಹೆಮ್ಮೆಪಡುವುದಕ್ಕೆ ಹೆಚ್ಚಿನ ವಿಷಯಗಳಿಲ್ಲ. ಸರ್ಕಾರಿ ಕಾರ್ಖಾನೆಯಲ್ಲಿ ಲೇತಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆಗಿ ಸೇರಿ ಟರ್ನರ್ ಆಗಿಯೇ ನಿವೃತ್ತರಾದರು. ತಲೆಗೂದಲು ಅವರಿಗಿಂತ ಮೊದಲೇ ನಿವೃತ್ತಿ ಪಡೆದಿತ್ತು. ಇಂಥ ರಾಮಪ್ರಸಾದರು ಕಾರಿನ ಮಾತು ಬಂದರೆ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. "ನಮ್ಮ ಕಾರು ದಾರ ಹಿಡಿದ ಹಾಗೆ ನೆಟ್ಟಗೆ ಓಡುತ್ತೆ" ಎನ್ನುವುದು ಅವರು ಮದುವೆಮನೆಯಲ್ಲೂ ತಿಥಿಮನೆಯಲ್ಲೂ ಹೇಳುವ ಮಾತು. ಪಿಂಚಣಿಗಾಗಿ ಇನ್ನೂ ಬದುಕಿದ್ದೇನೆ ಎಂದು ತೋರಿಸಿಕೊಳ್ಳಲು ಬ್ಯಾಂಕಿಗೆ ಹೋದಾಗ ಅಲ್ಲಿಯವರಿಗೂ ಹೇಳಿ ಬಂದರು.

ಆ ಕಾರನ್ನು ಕೊಂಡದ್ದು, ಕಾರ್ಖಾನೆ ಮುಚ್ಚುವ ಕಾಲಕ್ಕೆ ಊರು ಬಿಟ್ಟು ಹೊರಟ ಒಬ್ಬ ಮ್ಯಾನೇಜರರಿಂದ. ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಅಂದಿನಿಂದ ಇವರ ಹೊರತು ಇನ್ನೊಬ್ಬರು ಅದನ್ನು ಮುಟ್ಟಿರಲಿಲ್ಲ. ತೊಳೆಯುವವರು ಇವರೇ, ಆಯಿಲ್ ಬದಲಿಸುವವರು ಇವರೇ. ಒಂದು ಸಲ ಗ್ಯಾರೇಜಿಗೆ ತೋರಿಸಿ ಎಂದರೆ, ಚೆನ್ನಾಗಿರುವುದನ್ನು ಕೆಡಿಸಿಕೊಂಡು ಬರಬೇಕೇ ಎಂದು ನನ್ನನ್ನೇ ಕೇಳುವರು. ನಾನು ಸುಮ್ಮನಾಗುವೆ. ಸಂಸಾರದಲ್ಲಿ ಎಲ್ಲ ಮಾತಿಗೂ ಉತ್ತರ ಕೊಡುತ್ತ ಕೂತರೆ ಅಕ್ಕಿ ನೆನೆಹಾಕುವವರು ಯಾರು?

ಈ ಕಾರಿನಿಂದ ನನ್ನ ಮಗಳ ಮದುವೆ ಮುರಿದುಬೀಳುವ ಹಂತಕ್ಕೆ ಬಂತು. ಆ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ಸುಕೃತಿ ಬೊಮ್ಮಸಂದ್ರದ ಒಂದು ಔಷಧಿ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ನಮ್ಮ ಮನೆ ಇರುವುದು ಪೀಣ್ಯದ ಹತ್ತಿರ, ಕಾರ್ಖಾನೆ ನೌಕರರೇ ಕಟ್ಟಿಕೊಂಡ ಬಡಾವಣೆಯಲ್ಲಿ. ಬೆಂಗಳೂರಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ದಿನಾ ಮೆಟ್ರೊದಲ್ಲಿ ಹೋಗಿ ಬರುವ ಹುಡುಗಿ ಸಂಜೆ ನಗುತ್ತ ಮನೆಗೆ ಬರುತ್ತಾಳೆ ಎಂದಾಗಲೇ ನನಗೆ ಅನುಮಾನ ಬಂದಿತ್ತು. ಹುಡುಗನ ಹೆಸರು ಚಿನ್ಮಯ್. ಅದೇ ಕಂಪನಿಯ ಲ್ಯಾಬಿನಲ್ಲಿ ಶಿಫ್ಟ್ ಕೆಲಸ. ಆನೇಕಲ್ಲಿನವನು. ತಂದೆ ಇಲ್ಲ. ತಾಯಿ ಚನ್ನಕ್ಕ ಸಂತೆಬೀದಿಯಲ್ಲಿ ಹೂವಿನ ಅಂಗಡಿ ಇಟ್ಟುಕೊಂಡು ಮಗನನ್ನು ಓದಿಸಿದ ಹೆಂಗಸು. ನಾನು ಹೆದರುತ್ತಲೇ ಇವರ ಕಿವಿಗೆ ಹಾಕಿದೆ. ಇವರು ಸ್ವಲ್ಪ ಹೊತ್ತು ಯೋಚಿಸಿ, ಹುಡುಗ ಕೆಲಸ ಮಾಡುವ ಕಡೆ ಮೆಷಿನ್ ಇದೆಯೇ ಎಂದು ಕೇಳಿದರು. ಇದೆ ಎಂದೆ. ಹಾಗಾದರೆ ನೋಡೋಣ ಎಂದರು.

ಭಾನುವಾರ ಆನೇಕಲ್ಲಿಗೆ ಊಟಕ್ಕೆ ಬನ್ನಿ, ಮನಸ್ಸಿಗೆ ಬಂದರೆ ದಿನವನ್ನೂ ಅಲ್ಲೇ ಗೊತ್ತು ಮಾಡೋಣ ಎಂದು ಚನ್ನಕ್ಕ ಹೇಳಿ ಕಳಿಸಿದರು. ಹೆಣ್ಣಿನ ಕಡೆಯವರನ್ನು ತಾನೇ ಹೋಗಿ ಕರೆದು ತರಬೇಕೆಂದು ಮಗನಿಗೆ ಅಪ್ಪಣೆಯಾಗಿತ್ತಂತೆ. ಆ ಹುಡುಗ ರಾತ್ರಿ ಪಾಳಿ ಮುಗಿಸಿ, ಮನೆಗೂ ಹೋಗದೆ, ಲ್ಯಾಬಿನಿಂದ ನೇರ ಮೆಟ್ರೊ ಹತ್ತಿ ನಮ್ಮ ಬಾಗಿಲಿಗೆ ಬಂದು ನಿಂತ. ಕಣ್ಣು ಎರಡೂ ಕೆಂಪು. ಮೈಯಿಂದ ಸಣ್ಣಗೆ ಸ್ಪಿರಿಟ್ಟಿನ ವಾಸನೆ. ಇವರು ಮೂಗನ್ನು ಒಂದು ಸಲ ಮೇಲೆತ್ತಿ ಇಳಿಸಿದರು. ನಾನು ನೋಡಿದೆ, ಆದರೆ ಒಗ್ಗರಣೆ ಸೀಯುತ್ತಿದೆಯೇನೋ ಎಂದು ಒಳಗೆ ಓಡಿದೆ.

ಹೊರಡುವಾಗ ಇವರು ಎಂದೂ ಮಾಡದ ಕೆಲಸ ಮಾಡಿದರು. ಕಾರಿನ ಬೀಗದಕೈಯನ್ನು ಹುಡುಗನ ಮುಂದೆ ಹಿಡಿದರು.

"ನೀವೇ ಓಡ್ಸಿ" ಎಂದರು.

ಅದು ಔದಾರ್ಯವಲ್ಲ, ಪರೀಕ್ಷೆ ಎಂದು ನನಗೂ ಸುಕೃತಿಗೂ ತಿಳಿಯಿತು. ಮಗಳನ್ನು ಕೊಡುವ ಮುಂಚೆ ಕಾರನ್ನು ಕೊಟ್ಟು ನೋಡುವ ಯೋಚನೆ. ಪಾಪದ ಹುಡುಗ ಕೈ ಮುಗಿದು ತೆಗೆದುಕೊಂಡ.

ಬಡಾವಣೆಯ ಒಳಗೆ ಹೇಗೋ ಆಯಿತು. ತುಮಕೂರು ರಸ್ತೆಯ ಸರ್ವಿಸ್ ರೋಡಿಗೆ ಬಂದ ಮೇಲೆ ಕಾರು ಮೆರವಣಿಗೆಯ ಮುಂದೆ ಕುಣಿಯುವವರ ಹಾಗೆ ಹೆಜ್ಜೆ ಹಾಕತೊಡಗಿತು. ಎಡಕ್ಕೆ ಹೋಗಿ ಎಳನೀರಿನ ಗಾಡಿಗೆ ಸವರುವಂತಾಯಿತು, ಅಲ್ಲಿಂದ ಬಲಕ್ಕೆ ಬಂದು ಸಿಮೆಂಟ್ ಲಾರಿಯ ಮಗ್ಗುಲನ್ನು ವಿಚಾರಿಸಿತು. ಬಸ್ಸಿನ ಕಂಡಕ್ಟರೊಬ್ಬ ಕಿಟಕಿಯಿಂದ ತಲೆ ಹೊರಹಾಕಿ ನಮ್ಮ ವಂಶದ ವಿಷಯವಾಗಿ ಎರಡು ಮಾತು ಹೇಳಿದ. ಹುಡುಗ ಬೆವರಿ, ತುಂಬ ಮೆಲ್ಲಗೆ, "ಅಂಕಲ್, ಸ್ಟೇರಿಂಗ್ ಸ್ವಲ್ಪ ಲೂಸ್ ಇದೆ ಅನ್ಸತ್ತೆ" ಎಂದ.

ಹಿಂದೆ ನನ್ನ ಪಕ್ಕದಲ್ಲಿ ಕೂತಿದ್ದ ಇವರ ಮುಖ ನೋಡುವ ಹಾಗಿರಲಿಲ್ಲ. ನಿಮ್ಮ ಹೆಂಡತಿಯ ನಡತೆ ಸರಿಯಿಲ್ಲ ಎಂದಿದ್ದರೂ ಅಷ್ಟು ಕಪ್ಪಾಗುತ್ತಿತ್ತೋ ಇಲ್ಲವೋ.

ಉತ್ತರ ಕೊಡುವ ಮೊದಲೇ ಗೊರಗುಂಟೆಪಾಳ್ಯದ ಹತ್ತಿರ ಒಬ್ಬ ಟ್ರಾಫಿಕ್ ಪೇದೆ ಕೈ ಅಡ್ಡ ಹಾಕಿ ನಿಲ್ಲಿಸಿದ. ಹುಡುಗನ ಕಣ್ಣು ನೋಡಿದ, ವಾಸನೆ ಹಿಡಿದ, ಯಂತ್ರ ತಂದು ಊದಿಸಿದ. ಸೊನ್ನೆ ಬಂತು. ಇನ್ನೊಮ್ಮೆ ಊದಿಸಿದ. ಮತ್ತೆ ಸೊನ್ನೆ. ನಿಧಾನವಾಗಿ ಹೋಗಿ ಎಂದು ಬಿಟ್ಟುಬಿಟ್ಟ. ಯಾವ ಮಾವನಾದರೂ ಇಲ್ಲಿಗೆ ಸಮಾಧಾನ ಪಡುತ್ತಿದ್ದ. ಇವರು ಕಾರಿನಿಂದ ಇಳಿದು ಹೋಗಿ, ಆ ಯಂತ್ರವನ್ನು ಕೊನೆಯ ಸಲ ಕ್ಯಾಲಿಬ್ರೇಷನ್ ಮಾಡಿಸಿದ್ದು ಯಾವಾಗ, ಅದರ ಚೀಟಿ ಎಲ್ಲಿ ಅಂಟಿಸಿದೆ ಎಂದು ಪೇದೆಯನ್ನೇ ತನಿಖೆ ಮಾಡಿದರು. ಆತ ಸಾವಧಾನವಾಗಿ ಕೇಳಿಸಿಕೊಂಡು, "ಸಾರ್, ನೀವೂ ಒಂದ್ಸಲ ಊದ್ತೀರಾ?" ಎಂದ.

ಇವರು ಬಂದು ಹುಡುಗನನ್ನು ಹಿಂದಕ್ಕೆ ಕಳಿಸಿ ತಾವೇ ಸ್ಟೇರಿಂಗ್ ಹಿಡಿದರು. ಆನೇಕಲ್ಲಿಗಲ್ಲ, ಮನೆಗೆ ತಿರುಗಿಸಿದರು. ನಾನು ಏನೆಂದರೂ ಕೇಳಲಿಲ್ಲ. ಕಾರು ಮಾತ್ರ ನಿಜವಾಗಿಯೂ ದಾರ ಹಿಡಿದ ಹಾಗೆ ಓಡಿತು. "ಲೂಸ್ ಇದೆಯೇನು? ನೋಡು, ಪ್ರಭಾ, ಲೂಸ್ ಇದೆಯೇನು?" ಎಂದು ದಾರಿಯುದ್ದಕ್ಕೂ ನನ್ನನ್ನು ಸಾಕ್ಷಿ ಕೇಳಿದರು. ಹಿಂದಿನ ಸೀಟಿನಲ್ಲಿ ಹುಡುಗ, ಅವಮಾನಕ್ಕೋ ರಾತ್ರಿ ಪಾಳಿಗೋ, ಕೂತಲ್ಲೇ ನಿದ್ದೆ ಹೋಗಿದ್ದ. ಅದು ಎರಡನೆಯ ಸಾಕ್ಷ್ಯವಾಯಿತು. ಸುಕೃತಿ, ಅವರ ಲ್ಯಾಬಿನಲ್ಲಿ ಆಗಾಗ ಕೈಗೆ ಸ್ಪಿರಿಟ್ ಹಚ್ಚಿಕೊಳ್ಳಬೇಕು ಅಪ್ಪ ಎಂದಳು. ಕಂಪನಿಯಲ್ಲೇ ಒದಗಿಸುತ್ತಾರೆ ಎಂದಾಯಿತು ಎಂದರು ಇವರು.

ಚನ್ನಕ್ಕನಿಗೆ ಫೋನ್ ಮಾಡಿ, ಕಾರಣಾಂತರಗಳಿಂದ ಬರಲಾಗಲಿಲ್ಲ ಎಂದು ಹೇಳುವ ಪುಣ್ಯ ನನ್ನ ಪಾಲಿಗೆ ಬಂತು.

ವಿಷಯ ಇಲ್ಲಿಗೇ ನಿಂತಿದ್ದರೆ ನಾನು ಹೇಗೋ ರಿಪೇರಿ ಮಾಡುತ್ತಿದ್ದೆ. ಆದರೆ ನಮ್ಮ ಎದುರುಮನೆಯಲ್ಲಿ ಪಂಚಾಕ್ಷರಿಗಳಿದ್ದಾರೆ. ಅವರು ಅದೇ ಕಾರ್ಖಾನೆಯ ಸೆಕ್ಯುರಿಟಿ ವಿಭಾಗದವರು. ಎರಡನೆಯ ಪಾಳಿಗೆ ಬರುವ ನೌಕರರ ಬಾಯಿ ಮೂಸಿ ಒಳಗೆ ಬಿಡುವುದು ಅವರ ಕೆಲಸವಾಗಿತ್ತು. ಸರ್ವಿಸ್ ಪೂರ್ತಿ ಬಾಯಿ ಮೂಸಿದ ಮನುಷ್ಯನಿಗೆ ಮನುಷ್ಯಜಾತಿಯ ಬಗ್ಗೆ ಒಳ್ಳೆಯ ಅಭಿಪ್ರಾಯ ಉಳಿದಿರುವುದಿಲ್ಲ. ಇವರು ಹೋಗಿ ಅವರ ಸಲಹೆ ಕೇಳಿದರು. ಸಂಜೆ ನಮ್ಮ ಹಾಲಿನಲ್ಲಿ, ಕಾರ್ಖಾನೆಯಲ್ಲಿ ನಡೆಯುತ್ತಿದ್ದ ಮಾದರಿಯ ಇಲಾಖಾ ವಿಚಾರಣೆ ನಡೆಯಿತು. ಆರೋಪಿ ಗೈರುಹಾಜರಾಗಿದ್ದ. ಉಪ್ಪಿಟ್ಟು ಹಾಜರಿತ್ತು.

ಪಂಚಾಕ್ಷರಿಗಳು ಉಪ್ಪಿಟ್ಟು ಮುಗಿಸಿ ತೀರ್ಪು ಕೊಟ್ಟರು. ಕಣ್ಣು ಕೆಂಪಗಿದ್ದು, ವಾಸನೆ ಇದ್ದು, ಯಂತ್ರದಲ್ಲಿ ಸೊನ್ನೆ ಬಂದರೆ ಅದು ಹಳೇ ಕುಡುಕನ ಲಕ್ಷಣವಂತೆ. ಹೊಸಬರು ಮಾತ್ರ ಯಂತ್ರಕ್ಕೆ ಸಿಗುತ್ತಾರಂತೆ. "ಇನ್ನೊಂದು ಹೇಳ್ತೀನಿ ಬರ್ಕೊಳ್ಳಿ ಪ್ರಸಾದ್. ಗೇಟಲ್ಲಿ ಸಿಕ್ಕಿಬಿದ್ದ ಪ್ರತಿಯೊಬ್ಬನೂ ಸೈಕಲ್ಲಿನ ಮೇಲೆ ತಪ್ಪು ಹಾಕ್ತಿದ್ದ. ಹ್ಯಾಂಡಲ್ ಲೂಸು, ಚಕ್ರ ಬೆಂಡು. ಗಾಡಿ ಮೇಲೆ ತಪ್ಪು ಹಾಕಿದ ಅಂದ್ರೆ ಕುಡಿದಿದ್ದಾನೆ ಅಂತಲೇ ಲೆಕ್ಕ."

ಇವರು ನನ್ನ ಕಡೆ ನೋಡಿದರು. ಕೇಳಿಸಿಕೊಂಡೆಯಾ ಎಂಬ ನೋಟ. ಸುಕೃತಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಪಂಚಾಕ್ಷರಿಗಳಿಗೆ ಉತ್ಸಾಹ ಮುಗಿದಿರಲಿಲ್ಲ. ಕುಡಿಯದ ಮನುಷ್ಯ ಹೇಗೆ ಓಡಿಸುತ್ತಾನೆ ಎಂದು ಸುಕೃತಿಗೆ ಪ್ರತ್ಯಕ್ಷ ತೋರಿಸಿಬಿಡುತ್ತೇನೆ, ಬೀಗದಕೈ ಕೊಡಿ ಎಂದರು. ಇವರು ಕೊಟ್ಟರು. ಪಂಚಾಕ್ಷರಿಗಳು ವಿಭೂತಿ ಹಚ್ಚಿಕೊಂಡು, ಕನ್ನಡಿ ಸರಿಮಾಡಿಕೊಂಡು, ನಮ್ಮ ಬೀದಿಯಲ್ಲಿ ಗಂಭೀರವಾಗಿ ಹೊರಟರು. ಗಂಭೀರವಾಗಿಯೇ ಎಡಕ್ಕೆ ವಾಲಿದರು. ಸರಿಪಡಿಸಲು ಬಲಕ್ಕೆ ಎಳೆದರು, ಅದು ಹೆಚ್ಚಾಯಿತು. ಬೀದಿಯ ಕೊನೆಯಲ್ಲಿ ಬಡಾವಣೆಯ ಸಂಘದವರು ಹಾಕಿಸಿದ್ದ ಸಿಮೆಂಟ್ ಬೆಂಚಿಗೆ ತಾಗಿ ನಿಂತರು. ಬೆಂಚಿನ ಒಂದು ಕಾಲು ಹೋಯಿತು. ಅದರ ಮೇಲೆ ಹೆಸರು ಕೆತ್ತಿಸಿಕೊಂಡಿದ್ದ ಸಂಘದ ಅಧ್ಯಕ್ಷರೂ ಪಂಚಾಕ್ಷರಿಗಳೇ.

ಜನ ಸೇರಿತು. ಪಂಚಾಕ್ಷರಿಗಳು ಇಳಿದು, "ಪ್ರಸಾದ್, ಇದು ಸ್ಟೇರಿಂಗು..." ಎಂದು ಶುರು ಮಾಡಿದವರು ಅಲ್ಲೇ ಬಾಯಿ ಮುಚ್ಚಿಕೊಂಡರು. ಹಿಂದಿನ ಸಂಜೆ ತಾವೇ ಮಾಡಿದ ನಿಯಮ ನೆನಪಿಗೆ ಬಂದಿರಬೇಕು. ಆಮೇಲೆ, ಬಿಪಿ ಮಾತ್ರೆ ತಗೊಂಡಿರಲಿಲ್ಲ, ತಲೆ ಸುತ್ತು ಬಂತು ಎಂದರು. ಇವರು ಅವರ ಭುಜದ ಮೇಲೆ ಕೈಯಿಟ್ಟು, ಮುಖಕ್ಕೆ ಮುಖ ತಂದು, ಒಂದು ಸಲ ಉಸಿರೆಳೆದುಕೊಂಡರು. ಪಂಚಾಕ್ಷರಿಗಳ ಬಾಯನ್ನು ಇನ್ನೊಬ್ಬರು ಮೂಸಿದ್ದು ಅದೇ ಮೊದಲು.

ಅವರ ಹೆಂಡತಿ ಬಸಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಒಳಗೆ ಹೋಗಿ ಬೀರುಗಳನ್ನು ಒಂದೊಂದಾಗಿ ತೆಗೆಯುವ ಸದ್ದು ನಮ್ಮ ಮನೆಯವರೆಗೂ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಅಟ್ಟದ ಮೇಲೆ, ಪೂಜೆಯ ತಾಮ್ರದ ಪಾತ್ರೆಗಳ ಹಿಂದೆ, ನಿಜವಾಗಿಯೂ ಒಂದು ಬಾಟಲಿ ಸಿಕ್ಕಿತು. ಅರ್ಧ ಖಾಲಿಯಾಗಿತ್ತು. ನಮ್ಮ ಮನೆಯವರು ಮಂಕಾಗಿ ಕೂತರು. ಯಾರನ್ನು ನಂಬುವುದು, ಇನ್ನು ಕಾರನ್ನು ಒಬ್ಬರ ಕೈಗೂ ಕೊಡುವ ಹಾಗಿಲ್ಲ ಎಂದರು. ಅಷ್ಟು ಹೇಳುವ ಹೊತ್ತಿಗೆ ಗೇಟಿನ ಸದ್ದಾಯಿತು. ಚನ್ನಕ್ಕ ಬಂದಿದ್ದರು.

ಒಬ್ಬರೇ ಬಂದಿದ್ದರು. ಕೈಯಲ್ಲಿ ಬಾಳೆಯೆಲೆಯಲ್ಲಿ ಕಟ್ಟಿದ ಕನಕಾಂಬರ. ಅದನ್ನು ನನ್ನ ಕೈಗಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಮಗ ಏನನ್ನೂ ಹೇಳುತ್ತಿಲ್ಲ, ನೀವಾದರೂ ಹೇಳಿ ಎಂದರು. ನಾನು ನೀರು ತರಲು ಎದ್ದೆ. ಆ ಎರಡು ನಿಮಿಷದಲ್ಲಿ ಇವರು ಎಲ್ಲವನ್ನೂ ಕಾರ್ಖಾನೆಯ ಭಾಷೆಯಲ್ಲಿ ವಿವರಿಸಿಬಿಟ್ಟಿದ್ದರು. ವಾಹನ ಸುಸ್ಥಿತಿಯಲ್ಲಿದೆ, ಚಾಲಕನಲ್ಲಿ ದೋಷ ಕಂಡುಬಂದಿದೆ, ಇತ್ಯಾದಿ.

ಚನ್ನಕ್ಕ ನೀರನ್ನು ಮುಟ್ಟಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಇಲ್ಲ. ದಣಿದ ದನಿಯಲ್ಲಿ ಹೇಳಿದರು: "ನನ್ನ ಹೂವಿನಂಗ್ಡಿ ಇರಾದೇ ವೈನ್ ಶಾಪ್ ಪಕ್ಕ. ಕುಡ್ದೋರ್ನ ನಂಗೆ ತೋರ್ಸ್‌ಕೊಡ್ಬೇಡಿ ಸ್ವಾಮಿ. ಕುಡ್ದೋನು ಸ್ಟೇರಿಂಗ್ ಲೂಸು ಅನ್ನಾಕಿಲ್ಲ, ರೋಡೇ ಸರಿಗಿಲ್ಲ ಅಂತಾನೆ."

ಚನ್ನಕ್ಕ ಎದ್ದರು.

"ಅನ್ನ ಬಸ್ದು ಬಾಗ್ಲಲ್ಲಿ ನಿಂತಿದ್ದೆ. ಬೀದಿಯೋರೆಲ್ಲ ಕೇಳುದ್ರು. ಓಗ್ಲಿ ಬುಡಿ. ನೀವು ಒಂದು ಕೂದ್ಲೆಳೆ ತೆಪ್ಪೂ ಇಲ್ದಿರೋ ಜನ. ನಮ್ಮಂತೋರ ಮನೆ ನಿಮ್ಗೆ ಸರಿಬರಾಕಿಲ್ಲ."

ಸುಕೃತಿ ಸಂಜೆ ಬಂದು ವಿಷಯ ಕೇಳಿದಳು. ಅಳಲಿಲ್ಲ, ಕೂಗಾಡಲಿಲ್ಲ. ಚಿನ್ಮಯ್ ಅಲ್ಲದಿದ್ದರೆ ಯಾರೂ ಬೇಡ, ಅಪ್ಪ ಕಾರನ್ನು ನೋಡಿಕೊಂಡು ಆರಾಮಾಗಿರಲಿ ಎಂದಳು. ಅಂದಿನಿಂದ ಇವರ ಜೊತೆ ಮಾತು ಬಿಟ್ಟಳು. ಕಾಫಿ ಲೋಟ ಮೇಜಿನ ಮೇಲೆ ಇಟ್ಟು ಹೋಗುವಳು. ಇವರು ಲೋಟವನ್ನು ನೋಡುವರು, ಮಗಳ ಬೆನ್ನನ್ನು ನೋಡುವರು, ಹೊರಗೆ ಹೋಗಿ ಕಾರು ಒರೆಸುವರು. ಒರೆಸಿ ಒರೆಸಿ ಬಾನೆಟ್ಟಿನ ಬಣ್ಣ ಹೋಗುತ್ತದೆ ಎಂದು ನನಗೆ ಹೆದರಿಕೆಯಾಯಿತು. ತಪ್ಪು ಮಾಡಿದ್ದೇನೆ ಎಂಬ ಸಂಶಯ ಅವರಿಗೆ ಬಂದಿತ್ತೆಂದು ಕಾಣುತ್ತದೆ. ಆದರೆ ಕಾರು ನೇರವಾಗಿ ಓಡುತ್ತಿದೆಯಲ್ಲ, ಅದಕ್ಕೇನು ಮಾಡುವುದು?

ಕಾದು ಕಾದು ಸಾಕಾಗಿ ಒಂದು ದಿನ ನಾನೇ ಹೊರಟೆ. ದೇವಸ್ಥಾನಕ್ಕೆ ಎಂದು ಹೇಳಿ ಮೆಟ್ರೊ ಹತ್ತಿ, ನಡುವೆ ಇನ್ನೊಂದಕ್ಕೆ ಬದಲಾಯಿಸಿ, ಬೊಮ್ಮಸಂದ್ರದಲ್ಲಿ ಇಳಿದೆ. ಅಲ್ಲಿಂದ ಆನೇಕಲ್ಲಿಗೆ ಒಂದು ಬಾಡಿಗೆ ಕಾರು. ಚಾಲಕನ ಪಕ್ಕದ ಸೀಟಿನಲ್ಲಿ ಕೂರುವುದು ನನಗೆ ಅಭ್ಯಾಸ, ಅಲ್ಲೇ ಕೂತೆ. ಚನ್ನಕ್ಕನಿಗೆ ಏನು ಹೇಳುವುದು ಎಂದು ಯೋಚಿಸುತ್ತ ಹೋಗುತ್ತಿದ್ದವಳ ಕಣ್ಣು ಅವನ ಕೈಯ ಮೇಲೆ ಬಿತ್ತು. ಕೈ ಅಲುಗುತ್ತಿರಲಿಲ್ಲ. ಒಂದೇ ಕೈಯನ್ನು ಸ್ಟೇರಿಂಗಿನ ಮೇಲೆ ಸುಮ್ಮನೆ ಇಟ್ಟುಕೊಂಡು ಕೂತಿದ್ದ. ಕಾರು ತನ್ನ ಪಾಡಿಗೆ ನೆಟ್ಟಗೆ ಹೋಗುತ್ತಿತ್ತು.

ನನಗೆ ಗಾಬರಿಯಾಯಿತು. "ಏನಪ್ಪಾ, ಕೈ ಆಡಿಸೋದಿಲ್ವಾ?" ಎಂದೆ.

"ಯಾಕೆ ಆಡಿಸ್ಬೇಕು ಆಂಟಿ? ರೋಡ್ ನೆಟ್ಟಗಿದ್ಯಲ್ಲ" ಎಂದು ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ.

ನನ್ನ ಜೀವನದಲ್ಲಿ ನಾನು ಪಕ್ಕದಲ್ಲಿ ಕೂತು ನೋಡಿದ ಚಾಲಕ ಒಬ್ಬರೇ. ಅವರ ಎರಡು ಕೈಗಳೂ ಒಂದು ಗಳಿಗೆ ಸುಮ್ಮನಿರುವುದಿಲ್ಲ. ನೇರ ರಸ್ತೆಯಲ್ಲೂ ಮೊಸರು ಕಡೆದ ಹಾಗೆ ಅತ್ತ ಒಂದು ಸಲ, ಇತ್ತ ಒಂದು ಸಲ ಸ್ಟೇರಿಂಗನ್ನು ತಿರುಗಿಸುತ್ತಲೇ ಇರುತ್ತಾರೆ. ಕಾರು ಓಡಿಸುವುದೆಂದರೆ ಹಾಗೇ ಎಂದು ನಾನು ತಿಳಿದಿದ್ದೆ. ಆಗ ನಮ್ಮ ಅಡುಗೆಮನೆಯ ನಲ್ಲಿ ನೆನಪಾಯಿತು. ಅದರ ತಿರುಪು ಸವೆದಿದೆ. ಅರ್ಧ ಸುತ್ತು ಸುಮ್ಮನೆ ತಿರುಗುತ್ತದೆ, ಆಮೇಲೆ ಹಿಡಿಯುತ್ತದೆ. ನನ್ನ ಕೈಗೆ ಅದು ಗೊತ್ತು, ಆದ್ದರಿಂದ ನಾನು ನಿಲ್ಲಿಸಿದರೆ ನೀರು ನಿಲ್ಲುತ್ತದೆ. ಬಂದ ನೆಂಟರೆಲ್ಲ ಸೋರಿಸಿ ಹೋಗುತ್ತಾರೆ. ನೆಂಟರಿಗೆ ನಲ್ಲಿ ನಿಲ್ಲಿಸಲು ಬರುವುದಿಲ್ಲ ಎಂದು ನಾನೂ ಎಷ್ಟೋ ಸಲ ಗೊಣಗಿದ್ದೇನೆ.

ಚನ್ನಕ್ಕ ಅಂಗಡಿಯಲ್ಲಿ ಹೂ ಕಟ್ಟುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹೂ ಎತ್ತಿಕೊಡುತ್ತ ನಲ್ಲಿಯ ವಿಷಯ, ಇವರ ಕೈಯ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿ, ಈ ಭಾನುವಾರ ಮಗನ ಜೊತೆ ಬರುತ್ತೇನೆ, ಗಾಡಿಯನ್ನು ನನ್ನ ಕಣ್ಣೆದುರಿಗೆ ಪರೀಕ್ಷೆ ಮಾಡಿ, ಸಂಬಂಧದ ಮಾತು ಆಮೇಲೆ ಎಂದರು. ಮುಖ ಸಡಿಲವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಪರೀಕ್ಷೆಗೆ ಬೀದಿಯೆಲ್ಲ ಸೇರಿತು. ಪಂಚಾಕ್ಷರಿಗಳು ಎಲ್ಲರಿಗಿಂತ ಮೊದಲು ಬಂದಿದ್ದರು. ಅವರಿಗೆ ಈ ವಿಚಾರಣೆಯಲ್ಲಿ ಸ್ವಂತ ಹಿತಾಸಕ್ತಿಯಿತ್ತು. ನಾನು ಇವರನ್ನು ಕಾರಿನೊಳಗೆ ಕೂರಿಸಿ, ಎಂಜಿನ್ ಹಾಕದೆ, ಸ್ಟೇರಿಂಗನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಎಂದೆ. ಚನ್ನಕ್ಕ ಸೆರಗು ಸಿಕ್ಕಿಸಿಕೊಂಡು ಮುಂದಿನ ಗಾಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತರು.

ಇವರು ಎರಡು ಬೆರಳಷ್ಟು ತಿರುಗಿಸಿದರು. ಗಾಲಿ ಅಲುಗಲಿಲ್ಲ ಎಂದರು ಚನ್ನಕ್ಕ. ನಾಲ್ಕು ಬೆರಳಷ್ಟು ತಿರುಗಿಸಿದರು.

"ಈಗ?"

"ಇಲ್ಲ."

"ಈಗ?"

"ಇಲ್ಲ ಕಣ್ರಪ್ಪ. ಗಾಲಿ ನಿದ್ದೆ ಮಾಡ್ತೈತೆ."

ಕಾಲು ಸುತ್ತಿನಷ್ಟು ಬಂದಾಗ ಕೆಳಗೆಲ್ಲೋ ಟಕ್ಕೆಂದು ಸದ್ದಾಗಿ ಗಾಲಿ ಎಚ್ಚರಗೊಂಡಿತು. ಎಲ್ಲರೂ ಇವರ ಮುಖ ನೋಡಿದರು. ಇವರು ಇನ್ನೆರಡು ಸಲ ತಾವೇ ತಿರುಗಿಸಿ ಕಿವಿಗೊಟ್ಟರು. ಆಮೇಲೆ, ಇಷ್ಟು ಆಟ, ಅಂದರೆ ಹಿಡಿಯುವ ಮುಂಚಿನ ಖಾಲಿ ತಿರುವು, ಎಲ್ಲ ಮೆಷಿನ್ನಿಗೂ ಇರುತ್ತದೆ ಎಂದರು. ಅವರ ಲೇತಿನ ಹಿಡಿಕೆಗೂ ಇತ್ತಂತೆ. ಆಟ ಕಳೆದು ಆಮೇಲೆ ಕೆಲಸಕ್ಕೆ ಹಚ್ಚುವುದೇ ಟರ್ನರನ ಕೈಚಳಕವಂತೆ. ದೋಷವನ್ನು ರಿಪೋರ್ಟ್ ಮಾಡಿದರೆ ಮೆಷಿನ್ ರಿಪೇರಿಗೆ ಹೋಗಿ ತಿಂಗಳುಗಟ್ಟಲೆ ಬರುವುದಿಲ್ಲ, ಆದ್ದರಿಂದ ಅವರ ವಿಭಾಗದಲ್ಲಿ ಯಾರೂ ರಿಪೋರ್ಟ್ ಮಾಡದೆ ಕೈಯನ್ನೇ ಹೊಂದಿಸಿಕೊಂಡು ದುಡಿದರಂತೆ. ಹೇಳುತ್ತ ಹೇಳುತ್ತ ದನಿ ಇಳಿಯಿತು. ಕಾರಿನಿಂದ ಇಳಿದು ಚಿನ್ಮಯನ ಮುಂದೆ ನಿಂತರು.

"ಇದು ನಾನು ಗಮನಿಸ್ಬೇಕಾಗಿದ್ದ ಡಿಫೆಕ್ಟು" ಎಂದರು.

ಬೇರೆಯವರಿಗೆ ಅದು ಏನೂ ಅನ್ನಿಸಿರಲಿಕ್ಕಿಲ್ಲ. ಇವರ ಮಟ್ಟಿಗೆ ಅದು ಕಾಲಿಗೆ ಬಿದ್ದ ಹಾಗೆ. ಹುಡುಗ, ಪರವಾಗಿಲ್ಲ ಅಂಕಲ್ ಎಂದ. ಪಂಚಾಕ್ಷರಿಗಳು ಬಸಮ್ಮನ ಕಡೆ ತಿರುಗಿ, ನೋಡಿದೆಯಾ, ನನ್ನದೇನೂ ತಪ್ಪಿರಲಿಲ್ಲ ಎಂದರು. ಬೆಂಚಿನ ವಿಷಯಕ್ಕೆ ಸರಿ, ಬಾಟಲಿಯ ವಿಷಯ ಮನೆಗೆ ಬನ್ನಿ ಎಂದರು ಬಸಮ್ಮ.

ಕಾರನ್ನು ಈಗಲೇ ಸರಿಮಾಡಿಸಿ, ಬೀಗರನ್ನು ಅದರಲ್ಲೇ ಆನೇಕಲ್ಲಿಗೆ ಮರ್ಯಾದೆಯಿಂದ ಬಿಟ್ಟು ಬರುತ್ತೇನೆ ಎಂದು ಇವರು ಹಟ ಹಿಡಿದರು. ಪೀಣ್ಯದಲ್ಲಿ ಭಾನುವಾರವೂ ತೆರೆದಿರುವ ಗ್ಯಾರೇಜ್ ಇತ್ತು. ಅಲ್ಲಿಯವರೆಗೆ ಆ ಕಾರನ್ನು ನೆಟ್ಟಗೆ ಓಡಿಸಬಲ್ಲವರು ಭೂಮಿಯ ಮೇಲೆ ಇವರೊಬ್ಬರೇ ಆದ್ದರಿಂದ ಇವರು ಕಾರಿನಲ್ಲಿ, ನಾವು ನಾಲ್ವರು ಆಟೋದಲ್ಲಿ ಹಿಂದೆ ಹೋದೆವು.

ಮೆಕ್ಯಾನಿಕ್ ಮುಂಭಾಗವನ್ನು ಜಾಕಿನ ಮೇಲೆತ್ತಿ, ಗಾಲಿಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಸಡಿಲವಾದ ಹಲ್ಲಿನ ಹಾಗೆ ಅಲ್ಲಾಡಿತು. ಸ್ಟೇರಿಂಗಿನ ತಿರುವನ್ನು ಗಾಲಿಗೆ ಮುಟ್ಟಿಸುವ ಸರಳಿದೆಯಲ್ಲ, ಅದರ ತುದಿಯ ಕೀಲುಗಳು ಎರಡೂ ಸವೆದು ಹೋಗಿದ್ದವು. ಅವುಗಳ ರಬ್ಬರ್ ಟೋಪಿ ಹರಿದು ಎಷ್ಟು ಕಾಲವಾಗಿತ್ತೋ, ಒಳಗೆ ಗ್ರೀಸಿನ ಬದಲು ಪೀಣ್ಯದ ಧೂಳಿತ್ತು. ಮೇಲಿನ ಜಾಯಿಂಟೂ ಆಟ ಆಡುತ್ತಿತ್ತು. ಇದನ್ನು ಯಾರು ಓಡಿಸಿಕೊಂಡು ಬಂದಿರಿ ಎಂದು ಕೇಳಿದ. ನಾನೇ ಎಂದರು ಇವರು, ಸ್ವಲ್ಪ ಹೆಮ್ಮೆಯಿಂದಲೇ. ಅವನು ಪಕ್ಕದ ಗ್ಯಾರೇಜಿನವನನ್ನು ಕರೆದು ಮೊದಲು ಕೀಲನ್ನು ತೋರಿಸಿದ, ಆಮೇಲೆ ಇವರನ್ನು ತೋರಿಸಿದ.

ಕೀಲುಗಳನ್ನು ಬದಲಿಸಿ, ಜಾಯಿಂಟ್ ಹೊಸದು ಹಾಕಿ, ಎರಡು ಗಾಲಿಗಳೂ ಒಂದೇ ಕಡೆ ನೋಡುವಂತೆ ಅಲೈನ್‌ಮೆಂಟ್ ಮಾಡಿ ಕೊಡುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಅಷ್ಟು ಹೊತ್ತೂ ಚನ್ನಕ್ಕ ಟೈರಿನ ಮೇಲೆ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟರು. ಮದುವೆಯ ಮಾತನ್ನು ನಾನು ಎರಡು ಸಲ ತೆಗೆದೆ. ಎರಡು ಸಲವೂ ಅವರು ಹೂವಿನ ದರ ಏರಿದ್ದರ ಬಗ್ಗೆ ಹೇಳಿದರು. ಸುಕೃತಿಯ ಮುಖ ನೋಡಲಾಗುತ್ತಿರಲಿಲ್ಲ.

ಹೊರಟೆವು. ಇವರು ಸ್ಟೇರಿಂಗ್ ಹಿಡಿದರು. ಪಕ್ಕದಲ್ಲಿ ಚಿನ್ಮಯ್. ಹಿಂದೆ ಚನ್ನಕ್ಕ, ನಾನು, ನಡುವೆ ಸುಕೃತಿ. ಗ್ಯಾರೇಜಿನಿಂದ ರಸ್ತೆಗೆ ಇಳಿಯುತ್ತಲೇ ಇವರ ಕೈ ಎಂದಿನಂತೆ ಕಡೆಯಲು ಶುರು ಮಾಡಿತು. ಆದರೆ ಗಾಲಿಗಳು ಈಗ ಹೇಳಿದ ಮಾತು ಕೇಳುವ ಗಾಲಿಗಳು. ಕೈ ಎಡಕ್ಕೆ ಹೋದರೆ ಕಾರೂ ಎಡಕ್ಕೆ ಹೋಯಿತು, ಬಲಕ್ಕೆ ಹೋದರೆ ಬಲಕ್ಕೆ. ಲಾರಿಗಳು ಹಾರನ್ ಹೊಡೆದವು. ಒಬ್ಬ ಸ್ಕೂಟರಿನವನು ಸ್ಕೂಟರ್ ಸಮೇತ ಫುಟ್‌ಪಾತ್ ಹತ್ತಿದ. ಒಂದು ಫ್ಯಾಕ್ಟರಿಯ ಕಾವಲುಗಾರ ನಮ್ಮನ್ನು ನೋಡಿ ಗೇಟು ಮುಚ್ಚಿಕೊಂಡ. ಕೈ ಸುಮ್ಮನಿಡಿ, ಕೈ ಸುಮ್ಮನಿಡಿ ಎಂದು ನಾನು ಹಿಂದಿನಿಂದ ಹೇಳುತ್ತಲೇ ಇದ್ದೆ. ಅವರು ಸುಮ್ಮನಿಡಲು ಪ್ರಯತ್ನಿಸುತ್ತಿದ್ದರು. ಜೀವಮಾನದ ಅಭ್ಯಾಸ, ಕೈ ಕೇಳಲಿಲ್ಲ.

ಕೊನೆಗೆ ಒಂದು ಮರದ ಕೆಳಗೆ ನಿಲ್ಲಿಸಿದರು. ಎಂಜಿನ್ ಆರಿಸಿದರು. ಆಮೇಲೆ ಇಳಿದು, ಸುತ್ತಿಕೊಂಡು ಆ ಕಡೆಗೆ ಬಂದು, ಚಿನ್ಮಯನ ಬಾಗಿಲು ತೆಗೆದರು.

"ನೀನೇ ಓಡ್ಸಪ್ಪ" ಎಂದರು. ಅಂದಿನವರೆಗೆ ಅವನಿಗೆ ಬಹುವಚನವೇ ಇತ್ತು.

ಹುಡುಗ ಓಡಿಸಿದ. ಒಂದು ಕೈ ಸಾಕಾಯಿತು. ಎಡಗಡೆ ಕೂತು ಎಂದೂ ಅಭ್ಯಾಸವಿಲ್ಲದ ಇವರು, ತಮ್ಮ ಎರಡು ಅಂಗೈಗಳನ್ನೂ ತೊಡೆಯ ಕೆಳಗೆ ಅದುಮಿಕೊಂಡು ಶಾಲೆಯ ಹುಡುಗನ ಹಾಗೆ ಕೂತಿದ್ದರು. ಸುಕೃತಿ ಮುಂದಕ್ಕೆ ಬಾಗಿ, ಅಪ್ಪ, ನೀರು ಬೇಕಾ ಎಂದು ಕೇಳಿದಳು. ಇಷ್ಟು ದಿನದ ಮೇಲೆ ಅವಳು ಆಡಿದ ಮೊದಲ ಮಾತು. ಇವರು ಬಾಟಲಿ ತೆಗೆದುಕೊಂಡು ಕುಡಿಯದೆ ಹಾಗೇ ಹಿಡಿದುಕೊಂಡರು.

ನನಗೆ ಬಹಳ ಸುಸ್ತಾಗಿತ್ತು. ಕಣ್ಣು ಮುಚ್ಚುವಷ್ಟರಲ್ಲಿ ಚನ್ನಕ್ಕ ಸುಕೃತಿಯ ಬೆನ್ನ ಹಿಂದಿನಿಂದ ನನ್ನ ಕಡೆ ವಾಲಿ ಪಿಸುಗುಟ್ಟಿದರು.

"ಪ್ರಬಕ್ಕ, ತೆಪ್ಪು ತಿಳ್ಕಾಬ್ಯಾಡಿ. ನಿಮ್ಮೋರು ಏನಾರ ತಗತಾರಾ?"

ಇಲ್ಲ ಎನ್ನಬೇಕಾಗಿತ್ತು. ಇಲ್ಲ ಎಂದರೆ ಕೈಯ ಅಭ್ಯಾಸ, ಲೇತು, ಹಿಡಿಕೆ, ಕೀಲು, ನಲ್ಲಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಬೇಕು. ಆನೇಕಲ್ ಇನ್ನೂ ದೂರವಿತ್ತು.

"ಅಪರೂಪಕ್ಕೆ" ಎಂದೆ.

ಚನ್ನಕ್ಕ ಉಸಿರುಬಿಟ್ಟು ಹಿಂದಕ್ಕೆ ಒರಗಿದರು. ಬೆಳಗಿನಿಂದ ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು. ನನ್ನ ಮೊಣಕೈ ತಟ್ಟಿದರು.

"ಓಗ್ಲಿ ಬುಡಿ, ಗಂಡಸ್ರು. ಒಂದು ತೆಪ್ಪೂ ಇಲ್ದಿರೋ ಬೀಗ್ರ ಜತೆ ಎಂಗಪ್ಪಾ ಏಗಾದು ಅಂತ ನಂಗೂ ಯೋಚ್ನೆ ಹತ್ಬುಟ್ಟಿತ್ತು. ಈಗ ಸಮಾಧಾನ ಆಯ್ತು. ಮಾಘದಾಗೆ ಇಟ್ಕಳ್ಳಾನಾ?"

ಮುಂದಿನ ಸೀಟಿನಿಂದ ಇವರು ತಲೆ ತಿರುಗಿಸಿ, ಹಿಂದೆ ಏನು ಮಾತು ಎಂದು ಕೇಳಿದರು.

"ಏನಿಲ್ಲ. ದಿನ ಗೊತ್ತಾಯ್ತು. ನೀವು ಸುಮ್ನೆ ಕೂತ್ಕೊಳ್ಳಿ" ಎಂದು ಹೇಳಿ ನಾನು ನಿದ್ದೆ ಮಾಡಿದೆ.